ಸ್ನೋಮೊಬೈಲ್‌ಗೆ ಜಿಪಿಎಸ್ ಹಾಕುವ ಮುಂಚೆ ಮೀಟರ್ ಹಿಡಿಯಿರಿ

ಹಿಮದ ಮೇಲೆ ಓಡುವ ಗಾಡಿಗಳಾದ ಸ್ನೋಮೊಬೈಲ್ ರಿಪೇರಿ ಮಾಡುವ ವರ್ಕ್‌ಶಾಪ್ ಒಂದರಲ್ಲಿ ವೈರಿಂಗ್ ಕೆಲಸ ನನ್ನದು. ಚಳಿಗಾಲ ಶುರುವಾದರೆ ಸಾಕು, ಜಿಪಿಎಸ್ ಹಾಕಿಸಿಕೊಳ್ಳುವವರು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಯಾವ ಯೂನಿಟ್ ಒಳ್ಳೆಯದು, ಸ್ಕ್ರೀನ್ ಎಷ್ಟು ದೊಡ್ಡದಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಕರೆಂಟ್ ಎಲ್ಲಿಂದ ಅಂತ ನಾನು ತಿರುಗಿ ಕೇಳಿದರೆ, "ಬ್ಯಾಟರಿಯಿಂದ, ಮತ್ತೆಲ್ಲಿಂದ?" ಅನ್ನುತ್ತಾರೆ. ಬಾನೆಟ್ ತೆಗೆದು ನೋಡಿದರೆ ಎಷ್ಟೋ ಸಲ ಆ ಗಾಡಿಯಲ್ಲಿ ಬ್ಯಾಟರಿಯೇ ಇರುವುದಿಲ್ಲ.

ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸ್ನೋಮೊಬೈಲ್‌ಗಳು ಜಾಸ್ತಿ ಹಾಗೆಯೇ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್‌ನಲ್ಲಿ ಅಯಸ್ಕಾಂತಗಳಿರುತ್ತವೆ. ಅದರೊಳಗೆ ಸ್ಟೇಟರ್, ಅಂದರೆ ತಾಮ್ರದ ಸುರುಳಿಗಳು. ಎಂಜಿನ್ ತಿರುಗಿದರೆ ಕರೆಂಟ್ ಹುಟ್ಟುತ್ತದೆ, ನಿಂತರೆ ಅದೂ ನಿಂತಿತು. ಹೀಗೆ ಹುಟ್ಟುವ ಕರೆಂಟ್ ಎಸಿ, ಅಂದರೆ ದಿಕ್ಕು ಹಿಂದೆ ಮುಂದೆ ಬದಲಾಗುತ್ತಲೇ ಇರುವ ಕರೆಂಟ್; ಬ್ಯಾಟರಿಯದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಹೆಡ್‌ಲೈಟ್ ಬಲ್ಬಿಗೆ, ಕೈ ಬೆಚ್ಚಗಿಡುವ ಹ್ಯಾಂಡಲ್ ಹೀಟರ್‌ಗೆ ಎಸಿ ಆದರೇನು, ಡಿಸಿ ಆದರೇನು, ಬಿಸಿಯಾದರೆ ಆಯಿತು. ಅದಕ್ಕೇ ಹಳೆಯ ಗಾಡಿಗಳಲ್ಲಿ ಒಂದು ರೆಗ್ಯುಲೇಟರ್ ಇಟ್ಟು, ವೋಲ್ಟೇಜ್ ಮಿತಿ ಮೀರದ ಹಾಗೆ ಮಾಡಿ, ಎಸಿಯನ್ನೇ ನೇರವಾಗಿ ಎಲ್ಲ ಕಡೆ ಹಂಚಿಬಿಡುತ್ತಿದ್ದರು. ಜಿಪಿಎಸ್‌ಗೆ ಅದು ನಡೆಯುವುದಿಲ್ಲ. ಅದಕ್ಕೆ ಡಿಸಿ ಬೇಕು, ಅದೂ ಅಲುಗಾಡದ ಡಿಸಿ.

ಆದ್ದರಿಂದ ನನ್ನ ಬೆಂಚಿನಲ್ಲಿ ಮೊದಲ ಕೆಲಸ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯುವುದು. ಎಂಜಿನ್ ಓಡುತ್ತಿರುವಾಗ, ಕರೆಂಟ್ ತೆಗೆಯಬೇಕು ಅಂದುಕೊಂಡ ವೈರಿಗೆ ಮೀಟರನ್ನು ಮೊದಲು ಡಿಸಿಯಲ್ಲಿಟ್ಟು ನೋಡಿ. 13-14 ವೋಲ್ಟ್ ಸ್ಥಿರವಾಗಿ ತೋರಿಸಿದರೆ ಒಳ್ಳೆಯ ಸುದ್ದಿ. ಸೊನ್ನೆಯ ಹತ್ತಿರ ತೋರಿಸಿ, ಅದೇ ವೈರು ಎಸಿಯಲ್ಲಿ 12-14 ತೋರಿಸಿದರೆ ಅಲ್ಲಿರುವುದು ಎಸಿ. ಈ ಕ್ರಮ ತಿರುಗುಮುರುಗು ಮಾಡಬೇಡಿ. ಕೆಲವು ಅಗ್ಗದ ಮೀಟರ್‌ಗಳು ಎಸಿಯಲ್ಲಿದ್ದಾಗ ಡಿಸಿ ವೈರಿಗೆ ಮುಟ್ಟಿಸಿದರೂ ಏನೋ ಒಂದು ಅಂಕಿ ತೋರಿಸಿ ದಾರಿ ತಪ್ಪಿಸುತ್ತವೆ. ಎಂಜಿನ್ ನಿಧಾನವಾಗಿ ಓಡುವಾಗಲೂ ನೋಡಬೇಕು, ಹ್ಯಾಂಡಲ್ ಹೀಟರ್ ಫುಲ್ ಮಾಡಿ ಇನ್ನೊಮ್ಮೆ ನೋಡಬೇಕು. ನಿಧಾನದಲ್ಲಿ ಸ್ಟೇಟರ್ ಕೊಡುವುದೇ ಕಡಿಮೆ, ಅದರಲ್ಲಿ ಹೀಟರ್‌ಗಳು ದೊಡ್ಡ ಪಾಲು ತಿನ್ನುತ್ತವೆ. ಸಿಗ್ನಲ್ ಸಿಗಲೆಂದು ನಿಲ್ಲಿಸಿದಾಗೆಲ್ಲ ಜಿಪಿಎಸ್ ರೀಸ್ಟಾರ್ಟ್ ಆಗುತ್ತದೆ ಅಂತ ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದೇ, ಯೂನಿಟ್ಟಿನಲ್ಲಿ ಏನೂ ಕೆಟ್ಟಿರುವುದಿಲ್ಲ.

ಮೀಟರ್ ಹಿಡಿದಾಗಲೇ ಇನ್ನೊಂದನ್ನೂ ಗಮನಿಸಿ. ಎಂಜಿನ್ ವೇಗ ಏರಿಸಿದ ಹಾಗೆಲ್ಲ ವೋಲ್ಟೇಜ್ ಏರುತ್ತಲೇ ಹೋದರೆ ರೆಗ್ಯುಲೇಟರ್ ಹೋಗಿದೆ ಅಂತ ಅರ್ಥ. ಪದೇ ಪದೇ ಬಲ್ಬ್ ಸುಟ್ಟುಹೋಗುವ ಗಾಡಿಯಲ್ಲಿ ಇದು ಮಾಮೂಲು. ಅದನ್ನು ಬದಲಾಯಿಸದೆ ಅಲ್ಲಿಗೆ ಯಾವ ಯೂನಿಟ್ಟನ್ನೂ ಜೋಡಿಸಬಾರದು.

ಎಸಿ ಮಾತ್ರ ಇದ್ದರೆ ಏನು ಮಾಡುವುದು? ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿ, ಅದರ ಮುಂದೆ ವೋಲ್ಟೇಜ್ ಏರಿಳಿತ ತಗ್ಗಿಸುವ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕುತ್ತೇವೆ. ಅರ್ಧ ಆಂಪ್ ಎಳೆಯುವ ಯೂನಿಟ್‌ಗೆ 4700 ಮೈಕ್ರೋಫ್ಯಾರಡ್ ಸಾಕು. ಇಲ್ಲಿ ಬಹಳ ಜನ ಎಡವುವುದು ಕೆಪಾಸಿಟರ್‌ನ ವೋಲ್ಟೇಜ್ ವಿಷಯದಲ್ಲಿ. ಮೀಟರ್ ಎಸಿಯಲ್ಲಿ 13 ತೋರಿಸಿತು, ಹಾಗಾದರೆ 16 ವೋಲ್ಟಿನ ಕೆಪಾಸಿಟರ್ ಸಾಕು ಅಂದುಕೊಳ್ಳುತ್ತಾರೆ. ಸಾಕಾಗುವುದಿಲ್ಲ. ಮೀಟರ್ ತೋರಿಸಿದ್ದು ಅಲೆಯ ತುದಿಯ ವೋಲ್ಟೇಜ್ ಅಲ್ಲ. ಅಲೆ ಸರಿಯಾದ ಸೈನ್ ಆಕಾರದಲ್ಲಿದ್ದರೆ ತುದಿ ಅದರ 1.4 ಪಟ್ಟು, ಅಂದರೆ 18ರ ಆಸುಪಾಸು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬ್ರಿಡ್ಜ್‌ನ ಎರಡು ಡಯೋಡ್‌ಗಳು ಒಂದೂವರೆ ವೋಲ್ಟಿನಷ್ಟು ತಿಂದರೂ ಯೂನಿಟ್ ಏನೂ ಎಳೆಯದೆ ಇರುವಾಗ ಕೆಪಾಸಿಟರ್ ಮೇಲೆ 17 ಹತ್ತಿರ ಕೂತಿರುತ್ತದೆ. ಹಾಗಾಗಿ 35 ಅಥವಾ 50 ವೋಲ್ಟಿನದ್ದು ಹಾಕಿ, ಮೈನಸ್ 40 ಡಿಗ್ರಿವರೆಗೆ ಕೆಲಸ ಮಾಡುತ್ತದೆ ಅಂತ ಅದರ ಮೇಲೆ ಬರೆದಿದೆಯೇ ನೋಡಿಕೊಳ್ಳಿ. ಕಡು ಚಳಿಯಲ್ಲಿ ಈ ಜಾತಿಯ ಕೆಪಾಸಿಟರ್‌ಗಳ ಶಕ್ತಿ ಕುಗ್ಗುತ್ತದೆ. ಇದರ ಮುಂದೆ, ಜಾಸ್ತಿ ವೋಲ್ಟೇಜ್ ತಡೆದುಕೊಂಡು ಸ್ಥಿರವಾಗಿ 5 ವೋಲ್ಟ್ ಕೊಡುವ ಕನ್ವರ್ಟರ್ ಇಟ್ಟರೆ ಯುಎಸ್‌ಬಿಯಿಂದ ನಡೆಯುವ ಯೂನಿಟ್‌ಗಳಿಗೆ ಯೋಚನೆಯೇ ಇಲ್ಲ.

ಇದರಲ್ಲೇ ಒಂದು ಅಪಾಯ ಇದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಕಾರು ಬೈಕ್ ವೈರಿಂಗ್ ಮಾಡಿ ಅಭ್ಯಾಸ ಇರುವವರಿಗೆ ಮೈನಸ್ ವೈರನ್ನು ಸೀದಾ ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಬಿಗಿದು ಕೈ ತೊಳೆದುಕೊಳ್ಳುವುದು ರೂಢಿ. ಎಸಿ ಇರುವ ಸ್ನೋಮೊಬೈಲ್‌ನಲ್ಲಿ ಅದನ್ನು ಮಾಡಬೇಡಿ. ಕೆಲವು ಗಾಡಿಗಳಲ್ಲಿ ಸ್ಟೇಟರ್‌ನ ಒಂದು ತುದಿ ಚಾಸಿಗೆ ಕೂಡಿರುತ್ತದೆ, ಕೆಲವದರಲ್ಲಿ ಎರಡು ತುದಿಯೂ ಚಾಸಿಗೆ ಮುಟ್ಟದೆ ತೇಲುತ್ತಿರುತ್ತವೆ. ಮೊದಲನೆಯ ರೀತಿಯ ಗಾಡಿಯಲ್ಲಿ ಬ್ರಿಡ್ಜ್‌ನ ಮೈನಸ್ಸನ್ನೂ ಚಾಸಿಗೆ ಕೊಟ್ಟರೆ ಒಂದು ಡಯೋಡಿನ ಎರಡು ತುದಿಯೂ ಒಂದೇ ಕಡೆ ಕೂಡಿದ ಹಾಗಾಯಿತು. ಅಲೆಯ ಅರ್ಧ ಭಾಗ ಬಂದಾಗೆಲ್ಲ ಇನ್ನೊಂದು ಡಯೋಡಿನ ಮೂಲಕ ಸೀದಾ ಶಾರ್ಟ್, ಬ್ರಿಡ್ಜ್ ಹೊಗೆಯಾಡುತ್ತದೆ. ಬ್ರಿಡ್ಜ್‌ನಿಂದ ಎರಡು ವೈರನ್ನೂ, ಪ್ಲಸ್ ಮೈನಸ್ ಎರಡನ್ನೂ, ಯೂನಿಟ್‌ವರೆಗೆ ಬೇರೆಯಾಗಿಯೇ ಒಯ್ಯಿರಿ. ಹ್ಯಾಂಡಲ್‌ಗೆ ಬಿಗಿಯುವ ಲೋಹದ ಸ್ಟ್ಯಾಂಡ್‌ಗೆ ಯೂನಿಟ್‌ನ ಮೈನಸ್ ಒಳಗಿಂದ ಕೂಡಿದೆಯೇ ಅಂತಲೂ ಒಮ್ಮೆ ನೋಡಿ.

ಬ್ಯಾಟರಿ ಇರುವ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಗಳದ್ದು ಸುಲಭ. ಆದರೂ ಬ್ಯಾಟರಿಗೆ ನೇರವಾಗಿ ಕೊಡಬೇಡಿ ಅನ್ನುತ್ತೇನೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ಒಂದು ರಿಲೇ (ಕರೆಂಟಿನಿಂದ ತಾನೇ ಆನ್ ಆಗುವ ಸ್ವಿಚ್) ನಡೆಸಿ, ರಿಲೇ ಮೂಲಕ ಬ್ಯಾಟರಿಯ ಕರೆಂಟ್ ಕೊಡಿ, ಬ್ಯಾಟರಿಯ ಪಕ್ಕದಲ್ಲೇ 2 ಅಥವಾ 3 ಆಂಪ್ ಫ್ಯೂಸ್ ಹಾಕಿ. ನೇರವಾಗಿ ಕೊಟ್ಟರೆ ಯೂನಿಟ್ ಆಫ್ ಮಾಡಿದ್ದರೂ ಅದನ್ನು ಕೂರಿಸುವ ಚಾರ್ಜಿಂಗ್ ತೊಟ್ಟಿಲು ಸುಮ್ನೆ ಸ್ವಲ್ಪ ಸ್ವಲ್ಪ ಎಳೆಯುತ್ತಲೇ ಇರುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ. ಚಳಿ ದೇಶದಲ್ಲಿ ಇಳಿದ ಲೆಡ್ ಆಸಿಡ್ ಬ್ಯಾಟರಿ ಸ್ಟಾರ್ಟ್ ಆಗದಿರುವುದಷ್ಟೇ ಅಲ್ಲ, ಹೆಪ್ಪುಗಟ್ಟಿ ಒಡೆಯುತ್ತದೆ. ಪೂರ್ತಿ ಚಾರ್ಜ್ ಇದ್ದರೆ ಅದರ ಆಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದರೆ ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ.

ಡ್ಯಾಶ್‌ನಲ್ಲಿರುವ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿಬಿಡಬಹುದಲ್ವಾ ಅಂತ ಕೇಳುವವರಿದ್ದಾರೆ. ಚುಚ್ಚಬಹುದು. ಗಾಡಿ ಹಿಮದ ಗುಡ್ಡೆಗಳ ಮೇಲೆ ಕುಣಿಯಲು ಶುರುಮಾಡಿದ ಮೇಲೆ ಅದು ಸಡಿಲವಾಗಿ ಬಿಟ್ಟು ಬಿಟ್ಟು ಕರೆಂಟ್ ಕೊಡುತ್ತದೆ, ಪ್ರತಿ ಸಲವೂ ಯೂನಿಟ್ ಬೀಪ್ ಅಂದು ಸ್ಕ್ರೀನ್ ಮೇಲೆ ಎಚ್ಚರಿಕೆ ತೋರಿಸುತ್ತದೆ. ಹೆಲ್ಮೆಟ್ ಗಾಜು ಬೆಚ್ಚಗಿಡಲು ಇರುವ ದುಂಡನೆಯ ಆರ್‌ಸಿಎ ಸಾಕೆಟ್‌ನಿಂದ ತೆಗೆಯಲೂ ಬಹುದು, ಆದರೆ ಬ್ಯಾಟರಿ ಇಲ್ಲದ ಗಾಡಿಯಲ್ಲಿ ಆ ಸಾಕೆಟ್‌ನಲ್ಲೂ ಎಸಿ ಇರಬಹುದು. ಮತ್ತೆ ಮೀಟರ್.

ಇಷ್ಟೆಲ್ಲ ಸರಿ ಮಾಡಿದ ಮೇಲೂ ನಾನು ಗಿರಾಕಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಎಂಜಿನ್ ಕೆಟ್ಟು ನಿಂತರೆ ಈ ಜಿಪಿಎಸ್ ಎಷ್ಟು ಹೊತ್ತು ನಡೆಯುತ್ತದೆ? ಗಾಡಿ ಓಡುತ್ತಿರುವಾಗ ದಾರಿ ತಪ್ಪಿದರೆ ಬಂದ ಗೆರೆಯ ಮೇಲೇ ವಾಪಸ್ ಹೋಗಬಹುದು. ಗಾಡಿ ಕೆಟ್ಟಾಗಲೇ ನಾವು ಎಲ್ಲಿದ್ದೇವೆ ಅಂತ ಬೇರೆಯವರಿಗೆ ಹೇಳಬೇಕಾಗುವುದು, ಆಗಲೇ ಗಾಡಿಯ ಕರೆಂಟ್ ಇರುವುದಿಲ್ಲ. ಒಳಗೆ ಸ್ವಂತ ಬ್ಯಾಟರಿ ಇಲ್ಲದ, ಅಥವಾ ಇದ್ದರೂ ಕಾರಿನ ಯೂನಿಟ್‌ಗಳ ಹಾಗೆ ಸ್ವಲ್ಪ ಹೊತ್ತಿಗೇ ಮುಗಿಯುವ ಬ್ಯಾಟರಿ ಇರುವ ಯೂನಿಟ್ ಸ್ನೋಮೊಬೈಲ್‌ಗೆ ಬೇಡ. ಎಷ್ಟೇ ದೊಡ್ಡ ಸ್ಕ್ರೀನ್ ಇರಲಿ, ಬೇಡ. ಈ ಮಾತಿಗೆ ಕೆಲವರು ಮುಖ ಸಪ್ಪೆ ಮಾಡುತ್ತಾರೆ, ಪರವಾಗಿಲ್ಲ.

ಒಳಗಿನ ಬ್ಯಾಟರಿ ಯಾವ ಜಾತಿ ಅನ್ನುವುದೂ ಮುಖ್ಯ. ಲಿಥಿಯಂ ಅಯಾನ್ ಬ್ಯಾಟರಿ ಚಳಿಯಲ್ಲಿ ಬೇಗ ಕುಗ್ಗುತ್ತದೆ, ಅದೂ ಅಲ್ಲದೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಂಡು ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಒಳ್ಳೆಯ ಯೂನಿಟ್‌ಗಳು ಅದನ್ನು ತಾವೇ ತಡೆಯುತ್ತವೆ, ಹಾಗಾಗಿ ದಿನವಿಡೀ ವೈರಿಗೆ ಜೋಡಿಸಿದ್ದರೂ ಅದು ಚಾರ್ಜ್ ಆಗಿದೆ ಅಂತ ನಂಬಿಕೊಂಡು ಕೂರಬೇಡಿ. ಹಿಂದಿನ ರಾತ್ರಿ ಮನೆಯೊಳಗೆ ಬೆಚ್ಚಗಿರುವಾಗ ಚಾರ್ಜ್ ಮಾಡಿ. ಎಎ ಸೆಲ್ ಹಿಡಿಯುವ ಯೂನಿಟ್ ಆದರೆ ಇನ್ನೂ ಒಳ್ಳೆಯದು, ಚಾರ್ಜ್ ಆಗದ ಲಿಥಿಯಂ ಎಎ ಸೆಲ್‌ಗಳು ಮೈನಸ್ 40ರವರೆಗೂ ನಡೆಯುತ್ತವೆ. ಆಲ್ಕಲೈನ್ ಸೆಲ್‌ಗಳದ್ದು ಆ ಚಳಿಯಲ್ಲಿ ಕಥೆ ಮುಗಿದಂತೆ. ಒಂದು ಜೊತೆ ಸೆಲ್ ಜಾಕೆಟ್ಟಿನ ಒಳಜೇಬಿನಲ್ಲಿರಲಿ.

ಇನ್ನು ಸ್ಟ್ಯಾಂಡ್. ರಬ್ಬರ್ ಗುಂಡಿನ ಸ್ಟ್ಯಾಂಡ್‌ಗಳು ನನಗೆ ಇಷ್ಟ, ಅಲುಗಾಟವನ್ನು ಸ್ವಲ್ಪ ನುಂಗುತ್ತವೆ. ತೋಳು ಗಿಡ್ಡ ಇದ್ದಷ್ಟೂ ಒಳ್ಳೆಯದು. ಸ್ಟ್ಯಾಂಡ್ ಒಡೆದರೂ ಯೂನಿಟ್ ಹಿಮದಲ್ಲಿ ಮುಳುಗದಂತೆ ಒಂದು ದಾರ ಕಟ್ಟಿ. ಮುಂದಕ್ಕೆ ಬಿದ್ದರೆ ಎದೆಗೆ ಬಡಿಯುವ ಜಾಗದಲ್ಲಿ ಬೇಡ. ಫೋನನ್ನೇ ಹಾಕುತ್ತೇನೆ ಅನ್ನುವವರಿಗೆ: ದೊಡ್ಡ ಎಂಜಿನ್ನಿನ ಮೋಟಾರ್‌ಸೈಕಲ್‌ಗಳ ನಡುಕ ಐಫೋನ್ ಕ್ಯಾಮೆರಾ ಹಾಳುಮಾಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಸ್ನೋಮೊಬೈಲ್ ಹ್ಯಾಂಡಲ್ ಅದಕ್ಕಿಂತ ಮೃದು ಅಂತೇನೂ ಇಲ್ಲ. ಮೇಲಾಗಿ ದಪ್ಪ ಗ್ಲೌಸ್ ಹಾಕಿಕೊಂಡು ಫೋನ್ ಸ್ಕ್ರೀನ್ ಒತ್ತಲು ಆಗುವುದಿಲ್ಲ. ಒತ್ತಿದರೆ ಕೆಲಸ ಮಾಡುವ ಹಳೇ ಬಗೆಯ ಟಚ್ ಸ್ಕ್ರೀನ್, ಇಲ್ಲವೇ ಬಟನ್ ಇರುವ ಯೂನಿಟ್, ಎರಡೂ ನಡೆಯುತ್ತವೆ.

ವೈರ್ ಎಳೆಯುವಾಗ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಲ್ಲೂ ಬಿಗಿಯಾಗಬಾರದು, ಮಡಚಬಾರದು. ಸೈಲೆನ್ಸರ್ ಪೈಪಿನಿಂದ ದೂರ, ಸ್ಪಾರ್ಕ್ ಪ್ಲಗ್ ವೈರ್ ಮತ್ತು ಕಾಯಿಲ್‌ನಿಂದ ಇನ್ನೂ ದೂರ. ಮಾಮೂಲಿ ಪಿವಿಸಿ ವೈರು ಕಡು ಚಳಿಯಲ್ಲಿ ಕಡ್ಡಿಯ ಹಾಗೆ ಸೆಟೆದು ಬಿರಿಯುತ್ತದೆ, ಹ್ಯಾಂಡಲ್ ಹತ್ತಿರ ಬಗ್ಗುವ ಜಾಗಕ್ಕಾದರೂ ಸಿಲಿಕೋನ್ ಹೊದಿಕೆಯ ವೈರ್ ಬಳಸಿ. ಅಗ್ಗದ ಪ್ಲಾಸ್ಟಿಕ್ ಟೈಗಳು ಮುರಿಯುತ್ತವೆ. ಜೋಡಣೆಗಳಿಗೆ ಕ್ರಿಂಪ್ ಮಾಡಿ (ಲೋಹದ ತುಂಡಿನಲ್ಲಿ ಅದುಮಿ), ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ, ಹಾಕುತ್ತೇನೆ. ಟೇಪ್ ಸುತ್ತಿ ಬಿಟ್ಟ ಜಾಗದಲ್ಲಿ ಹಿಮ ಕರಗಿ ನೀರು ನುಗ್ಗಿ ಹಸಿರು ಹಿಡಿಯುತ್ತದೆ.

ಹಿಮಪಾತದ ಅಪಾಯ ಇರುವ ಬೆಟ್ಟಗಳಲ್ಲಿ ಓಡಾಡುವವರು ಎದೆಗೆ ಟ್ರಾನ್ಸೀವರ್, ಅಂದರೆ ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಲು ನೆರವಾಗುವ ರೇಡಿಯೋ, ಕಟ್ಟಿಕೊಂಡಿರುತ್ತಾರೆ. ಅದು ನಡೆಯುವುದು 457 ಕಿಲೋಹರ್ಟ್ಸ್‌ನಲ್ಲಿ, ಹತ್ತಿರದ ಯಾವ ಎಲೆಕ್ಟ್ರಾನಿಕ್ ಸಾಮಾನೂ ಅದಕ್ಕೆ ತೊಂದರೆ ಕೊಡಬಹುದು. ಟ್ರಾನ್ಸೀವರ್ ಕಳಿಸುವ ಸ್ಥಿತಿಯಲ್ಲಿದ್ದಾಗ ಅಂಥವು 20 ಸೆಂಟಿಮೀಟರ್ ದೂರ ಇರಬೇಕು, ಹುಡುಕುವಾಗ 50. ಹ್ಯಾಂಡಲ್ ಮೇಲಿನ ಜಿಪಿಎಸ್‌ಗೆ ಈ ದೂರ ಸಿಗುತ್ತದೆ. ತೊಂದರೆ ಇರುವುದು ಯೂನಿಟ್ ಬಿಚ್ಚಿ ಬೆಚ್ಚಗಿರಲಿ ಅಂತ ಎದೆಯ ಜೇಬಿಗೆ ಹಾಕಿಕೊಳ್ಳುವವರಿಗೆ.

ಸೆಟ್ಟಿಂಗ್‌ಗಳದ್ದು ಬೇಗ ಮುಗಿಯುತ್ತದೆ. ರಸ್ತೆಗೆ ಅಂಟಿಸುವ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ನೀವು ಹೊಲದ ಮಧ್ಯೆ ಇದ್ದರೂ ಪಕ್ಕದ ರಸ್ತೆ ಮೇಲೆ ತೋರಿಸುತ್ತದೆ. ನಕ್ಷೆ ಯೂನಿಟ್ ಒಳಗೇ ಇರಲಿ, ನೆಟ್‌ವರ್ಕ್ ನಂಬಬೇಡಿ. ಓಡಿದ ದಾರಿ ತಾನಾಗಿ ದಾಖಲಾಗಲಿ. ಡೇಟಮ್, ಅಂದರೆ ಸ್ಥಳ ಲೆಕ್ಕ ಹಾಕುವ ಆಧಾರ, ಡಬ್ಲ್ಯುಜಿಎಸ್ 84 ಇರಲಿ, ಜೊತೆಗೆ ಹೋಗುವವರೆಲ್ಲ ಅಕ್ಷಾಂಶ ರೇಖಾಂಶ ಒಂದೇ ರೀತಿ ಬರೆಯುವಂತೆ ಇಟ್ಟುಕೊಳ್ಳಿ. ಹೊರಗಿನ ಕರೆಂಟ್ ಹೋದರೆ ಏನು ಮಾಡಬೇಕು ಅನ್ನುವ ಆಯ್ಕೆ ಇದ್ದರೆ "ಆನ್ ಇರಲಿ" ಅಂತ ಮಾಡಿ. ಬಹಳ ಯೂನಿಟ್‌ಗಳು ಕಂಪನಿಯಿಂದ ಬರುವಾಗ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುವಂತೆ ಬಂದಿರುತ್ತವೆ.

ಗಾಡಿ ವಾಪಸ್ ಕೊಡುವ ಮುಂಚೆ ಎಂಜಿನ್ ಆಫ್ ಮಾಡಿ ಕಾಯುತ್ತೇನೆ, ಯೂನಿಟ್ ಬದುಕಿದೆಯೇ ನೋಡುತ್ತೇನೆ, ಮತ್ತೆ ಸ್ಟಾರ್ಟ್ ಮಾಡುವ ಎಳೆತದಲ್ಲಿ ಸ್ಕ್ರೀನ್ ಕಪ್ಪಾಗುತ್ತದೆಯೇ ನೋಡುತ್ತೇನೆ. ಆಮೇಲೆ ಬಾನೆಟ್ ಒಳಗೆ ಒಂದು ಚೀಟಿ ಅಂಟಿಸುತ್ತೇನೆ: ಕರೆಂಟ್ ಯಾವ ಬಣ್ಣದ ವೈರಿನಿಂದ ತೆಗೆದಿದ್ದು, ಎಸಿಯೋ ಡಿಸಿಯೋ, ಫ್ಯೂಸ್ ಎಲ್ಲಿದೆ, ಎಷ್ಟು ಆಂಪ್, ಮೈನಸ್ ಚಾಸಿಗೆ ಕೊಟ್ಟಿಲ್ಲ. ಮುಂದಿನ ಚಳಿಗಾಲದಲ್ಲಿ ಹೆಡ್‌ಲೈಟ್ ಉರಿಯುತ್ತಿಲ್ಲ ಅಂತ ಬಾನೆಟ್ ತೆಗೆಯುವವನು ಬೇರೆ ಯಾರೋ ಆಗಿರುತ್ತಾನೆ, ಗುರುತಿಲ್ಲದ ವೈರ್ ಕಂಡರೆ ಅವನು ಮೊದಲು ಕತ್ತರಿಸುವುದು ಅದನ್ನೇ.