ಬೆಂಕಿಗೆ ಹೆದರಿದವರು ಬರೆದಿಟ್ಟ ಶಿಕಾಗೊ

ಶಿಕಾಗೊ ಎಂದೊಡನೆ ನಮ್ಮವರಿಗೆ ನೆನಪಾಗುವುದು 1893ರಲ್ಲಿ ವಿವೇಕಾನಂದರು ಮಾಡಿದ ಭಾಷಣ. ಅವರು ಮಾತನಾಡಿದ ಕಟ್ಟಡ ಇಂದು ಆರ್ಟ್ ಇನ್‌ಸ್ಟಿಟ್ಯೂಟ್ ಆಗಿದೆ. ಆದರೆ ನನ್ನ ಕುತೂಹಲವೆಲ್ಲ ನಾನು ಬಾಡಿಗೆಗಿರುವ ಸಾಧಾರಣ ಬೀದಿಯ ಮೇಲೆ.

ಇಂಥ ಬೀದಿಯ ಚರಿತ್ರೆ ಹುಡುಕುವವರನ್ನು ಮೊದಲು ದಾರಿ ತಪ್ಪಿಸುವುದು ಮನೆ ನಂಬರು. 1909ರಲ್ಲಿ ನಗರ ತನ್ನ ಮನೆಗಳ ನಂಬರುಗಳನ್ನು ಬದಲಿಸಿತು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಜಾಗವೇ ಸೊನ್ನೆ, ಎಣಿಕೆಯೆಲ್ಲ ಅಲ್ಲಿಂದ. ಪೇಟೆಯ ನಡುಭಾಗದ ಸರದಿ ಬಂದದ್ದು 1911ರಲ್ಲಿ. ಹಳೆಯ ಕಡತದ ವಿಳಾಸವನ್ನು ಹಾಗೆಯೇ ನಂಬಿ ಹೊರಟರೆ ಯಾರದೋ ಮನೆ ಮುಂದೆ ನಿಲ್ಲಬೇಕಾಗುತ್ತದೆ.

ಬೀದಿಗಳ ಚಿತ್ರವಿರುವ ಹಳೆಯ ಪೋಸ್ಟ್‌ಕಾರ್ಡುಗಳು ಕಣ್ಣಿಗೆ ಹಬ್ಬ, ಸಾಕ್ಷಿಯಾಗಿ ಮಾತ್ರ ದುರ್ಬಲ. ಇಲ್ಲಿಯ ಕರ್ಟ್ ಟೈಕ್ ಕಂಪನಿ ಲಕ್ಷಗಟ್ಟಲೆ ಕಾರ್ಡು ಅಚ್ಚು ಹಾಕಿತು. ಅದರ ಸಂಗ್ರಹ ಈಗ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಫೋಟೊದಲ್ಲಿದ್ದ ಕಂಬ, ತಂತಿಗಳನ್ನು ಅಳಿಸಿ ಆಕಾಶಕ್ಕೆ ನೀಲಿ ಬಳಿಯುವುದು ಅವರಿಗೆ ದಿನನಿತ್ಯದ ಕೆಲಸ. ಕಾಲ ಗುರುತಿಸಲು ಮಾತ್ರ ಕಾರ್ಡು ಬಲು ಉಪಕಾರಿ. 1907ರ ಮಾರ್ಚ್‌ಗೆ ಮೊದಲು ಅಮೆರಿಕದ ಕಾರ್ಡಿನ ಹಿಂಬದಿಯಲ್ಲಿ ವಿಳಾಸಕ್ಕಷ್ಟೇ ಅವಕಾಶ. ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ತುರುಕಬೇಕಿತ್ತು.

ಮುಲಾಜಿಲ್ಲದೆ ಇದ್ದದ್ದನ್ನು ಇದ್ದಂತೆ ಹೇಳುವುದು ವಿಮೆಯವರ ನಕ್ಷೆ. 1871ರ ಬೆಂಕಿಯಲ್ಲಿ ಸುಮಾರು ಒಂದು ಲಕ್ಷ ಜನ ಸೂರು ಕಳೆದುಕೊಂಡ ಊರಿದು. ಬೆಂಕಿ ವಿಮೆಯವರಿಗಾಗಿ ನಕ್ಷೆ ಮಾಡುತ್ತಿದ್ದ ಸ್ಯಾನ್‌ಬಾರ್ನ್ ಕಂಪನಿಯ ಸರ್ವೇಯರುಗಳು ಬೀದಿ ಬೀದಿ ಅಳೆದು, ಸಾಮಾನ್ಯವಾಗಿ ಅಂಗುಲಕ್ಕೆ 50 ಅಡಿಯಂತೆ ಒಂದೊಂದು ಕಟ್ಟಡವನ್ನೂ ಬರೆದರು. ಇಟ್ಟಿಗೆಗೆ ಗುಲಾಬಿ, ಮರಕ್ಕೆ ಹಳದಿ, ಕಲ್ಲಿಗೆ ನೀಲಿ. ಮನೆಯ ಅಂದಚಂದ ಅವರಿಗೆ ಬೇಕಿರಲಿಲ್ಲ, ಯಾವುದು ಬೇಗ ಹೊತ್ತಿಕೊಳ್ಳುತ್ತದೆ ಎಂಬುದಷ್ಟೇ ಬೇಕು. ಹಾಗಾಗಿ ಯಾವ ಛಾಯಾಗ್ರಾಹಕನೂ ತಿರುಗಿ ನೋಡದ ಹಿತ್ತಿಲ ಶೆಡ್ಡಿಗೂ ಅಲ್ಲಿ ಜಾಗ ಸಿಕ್ಕಿದೆ. ಕುದುರೆ ಲಾಯಕ್ಕೆ ಕತ್ತರಿ ಗೆರೆ. ಮುಂದಿನ ಆವೃತ್ತಿ ತೆರೆದರೆ ಅದೇ ಚೌಕದಲ್ಲಿ ಮೋಟಾರು ಗ್ಯಾರೇಜನ್ನು ಸೂಚಿಸುವ 'ಎ' ಅಕ್ಷರ ಕುಳಿತಿರುತ್ತದೆ. ಕಟ್ಟಡ ಬದಲಾದಾಗ ಇಡೀ ಹಾಳೆಯನ್ನು ಮತ್ತೆ ಅಚ್ಚು ಹಾಕುವ ಬದಲು ತಿದ್ದುಪಡಿಯ ಚೀಟಿ ಅಂಟಿಸುತ್ತಿದ್ದರು. ಕೆಲವು ಹಾಳೆಗಳ ಸ್ಕ್ಯಾನಿನಲ್ಲೂ ಆ ಚೀಟಿಯ ಅಂಚು ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಅಸಂಖ್ಯ ಹಾಳೆಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದೆ. ಒಮ್ಮೆ ತೆರೆದರೆ ಊಟದ ಹೊತ್ತು ಮೀರುವುದು ಖಚಿತ.

ನಮ್ಮ ಸಾಲಿನ ಗುಲಾಬಿ ಮನೆಗಳ ಬೆನ್ನಿಗೆ ಸಣ್ಣ ಹಳದಿ ಪಟ್ಟಿಗಳಿವೆ. ಅವು ಮರದ ಜಗಲಿ, ಮೆಟ್ಟಿಲು. ಶಿಕಾಗೊದ ಹಳೆಯ ಫ್ಲ್ಯಾಟುಗಳ ಹಿಂದೆ ಅಂಥವು ಇಂದಿಗೂ ಇವೆ. ಕಸ ಹಾಕಲು ನಾನು ದಿನವೂ ಇಳಿಯುವುದು ಅಲ್ಲಿಂದಲೇ.

ಇನ್ನು ಕಟ್ಟಡ ಪರವಾನಗಿಯ ಕಡತಗಳು. ಬರಹ ಚುಟುಕು: ಮಾಲೀಕನ ಹೆಸರು, ಮಹಡಿ, ಅಳತೆ, ಇಂಥವೇ. ಪರವಾನಗಿ ಪಡೆದೂ ಕಟ್ಟದೆ ಬಿಟ್ಟವರುಂಟು, ಆದ್ದರಿಂದ ಕಡತದಿಂದ ಮತ್ತೆ ನಕ್ಷೆಗೆ ಬರಲೇಬೇಕು. ಅಲ್ಲಿ ಬಣ್ಣ ಬಿದ್ದಿದ್ದರೆ ಮನೆ ಎದ್ದಿತ್ತು ಎಂದೇ ಲೆಕ್ಕ.