ರಬ್ಬರ್ ಕಪ್ಪೆ, ಕುಚ್ಚು ಮೀನು

ಅಮೆರಿಕದಲ್ಲಿ ಬಾಸ್ ಮೀನು ಹಿಡಿಯೋಕೆ ಗಾಳಕ್ಕೆ ಕಟ್ಟುವ ರಬ್ಬರ್ ಕಪ್ಪೆ ಈಗ ನಮ್ಮ ಸಾಗರ ತಾಲ್ಲೂಕಿನ ಕಡೆಯ ಕೆರೆಗಳಿಗೂ ಬಂದಿದೆ. ನಮ್ಮ ಕೆರೆಯಲ್ಲಿ ಬಾಸ್ ಇಲ್ಲ, ಹಾವಿನಂಥ ತಲೆಯ ಕುಚ್ಚು ಮೀನು ಇದೆ. ಕಪ್ಪೆ ಕಂಡರೆ ಇದೂ ಬಿಡೋದಿಲ್ಲ.

ಈ ಕಪ್ಪೆಯ ಹೊಟ್ಟೆ ಟೊಳ್ಳು, ಹಾಗಾಗಿ ತೇಲುತ್ತೆ. ಎರಡು ಕೊಕ್ಕೆಗಳು ಬೆನ್ನಿಗೆ ಒತ್ತಿಕೊಂಡು, ಮೊನೆ ಮೇಲೆ ಮಾಡಿ ಕೂತಿರುತ್ತವೆ. ತಾವರೆ ಎಲೆ, ಜೊಂಡಿನ ಮೇಲೆ ಎಳೆದರೂ ಸಿಕ್ಕಿಕೊಳ್ಳೋದು ಕಡಿಮೆ. ಮೀನು ಕಚ್ಚಿದಾಗ ಮೆತ್ತನೆ ಮೈ ಕುಸಿದು ಕೊಕ್ಕೆ ಹೊರಬರುತ್ತೆ. ಎಷ್ಟು ಚಂದದ ಯೋಚನೆ ಅಲ್ವಾ!

ನೀರು ಚಿಮ್ಮಿದ ತಕ್ಷಣ ಎಳೆಯಬಾರದು. ದಾರದಲ್ಲಿ ಭಾರ ತಿಳಿಯೋವರೆಗೂ ತಡೆದು, ಆಮೇಲೆ ಜೋರಾಗಿ ಎಳೆಯಬೇಕು. ಆ ಒಂದು ಗಳಿಗೆ ಕಾಯೋದೇ ನನಗೆ ಜಾಸ್ತಿ ಇಷ್ಟ. ದಿನದಲ್ಲಿ ಬೇರೆ ಯಾವುದಕ್ಕೂ ನಾನು ಇಷ್ಟು ಗಮನ ಕೊಡೋದಿಲ್ಲ.

ಮಳೆಗಾಲದಲ್ಲಂತೂ ನೋಡಿಕೊಂಡು ಗಾಳ ಹಾಕಿ. ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಅಂತಿದ್ದರೆ, ಕೆಳಗೆ ದೊಡ್ಡ ಮೀನು ಕಾವಲಿರುತ್ತೆ. ಮರಿ ಕಾಯೋಕೆ ಅದು ಕಪ್ಪೆಯ ಮೇಲೆ ಎರಗುತ್ತೆ, ಹಸಿವಿಗಲ್ಲ. ಅದನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೇ. ಬೇಡ ಮಾರಾಯ್ರೆ, ಆಚೆ ದಡದ ಕಡೆ ಹೋಗಿ.