ದೊಡ್ಡವರೆಲ್ಲ ಹೋದರು, ಇನ್ನೂ ಏನು ನೋಡಲು ಹೋಗುತ್ತೀರಿ?

ಹುಬ್ಬಳ್ಳಿಯ ರಾಜನಗರ ಮೈದಾನಕ್ಕೆ ರಾಜ್ಯ ತಂಡಗಳ ರಣಜಿ ಕ್ರಿಕೆಟ್ ಪಂದ್ಯ ಬಂದರೆ ನಾನು ಕಚೇರಿಗೆ ರಜೆ ಹಾಕುತ್ತೇನೆ. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸಂಗೀತ ನಡೆದರೆ ಬೆಳಗಿನ ಜಾವದ ಭೈರವಿಯವರೆಗೆ ಜಮಖಾನೆಯ ಮೇಲಿಂದ ಏಳುವುದಿಲ್ಲ. ಇವೆರಡನ್ನೂ ಬಲ್ಲ ಗೆಳೆಯರು, ಬೀಗರು, ಓಣಿಯ ಹಿರಿಯರು ಕೇಳುವುದು ಒಂದೇ ಮಾತು. ಗಂಗೂಬಾಯಿ ಇಲ್ಲ, ಭೀಮಸೇನರಿಲ್ಲ, ಮನಸೂರರು ಹೋಗಿ ಮೂವತ್ತು ವರ್ಷ ದಾಟಿತು. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಇನ್ನೂ ಏನು ನೋಡಲು, ಏನು ಕೇಳಲು ಹೋಗುತ್ತೀರಿ?

ಈ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಕೊಟ್ಟು ಎದ್ದುಬರಲು ನನಗೆ ಆಗುವುದಿಲ್ಲ. ಕೇಳುವವರ ದುಃಖ ನನ್ನದೂ ಹೌದು.

2009ರ ಜುಲೈ 21ರಂದು ಗಂಗೂಬಾಯಿ ಹಾನಗಲ್ ತೀರಿಕೊಂಡರು. 2010ರ ಜನವರಿ 14ರಂದು ಮೈಸೂರಿನಲ್ಲಿ ಕರ್ನಾಟಕ ತಂಡ ರಣಜಿ ಫೈನಲ್ ಅನ್ನು ಆರು ರನ್ನುಗಳಿಂದ ಸೋತಿತು. 2011ರ ಜನವರಿ 24ರಂದು ಪುಣೆಯಿಂದ ಭೀಮಸೇನ ಜೋಶಿಯವರ ಸುದ್ದಿ ಬಂತು. ಹೊರಗಿನವರಿಗೆ ಈ ಮೂರಕ್ಕೂ ಸಂಬಂಧವಿಲ್ಲ. ನನಗೆ ಆ ಹದಿನೆಂಟು ತಿಂಗಳು ಒಂದೇ ಸೂತಕದಂತೆ ಕಳೆದವು.

ಮೈಸೂರಿನ ಆ ದಿನವನ್ನು ಮೊದಲು ಹೇಳುತ್ತೇನೆ. ರಾತ್ರಿ ರೈಲಿನಲ್ಲಿ ಹೋಗಿ ಬೆಳಿಗ್ಗೆ ಗಂಗೋತ್ರಿ ಗ್ಲೇಡ್ಸ್ ಮೈದಾನ ತಲುಪಿದಾಗ ಕೂರಲು ಜಾಗವಿರಲಿಲ್ಲ. ಹುಡುಗರು ಮರ ಹತ್ತಿದ್ದರು. ಮುಂಬೈ ಕೊಟ್ಟ ಗುರಿ 338. ಮೊದಲ ಇನಿಂಗ್ಸಿನಲ್ಲಿ 130ಕ್ಕೆ ಮುಗಿದಿದ್ದ ತಂಡ ನಮ್ಮದು. ಮನೀಷ್ ಪಾಂಡೆ 144 ಹೊಡೆದರು, ದಾವಣಗೆರೆಯ ಗಣೇಶ್ ಸತೀಶ್ 75. ಇಬ್ಬರೂ ಸೇರಿ 209 ರನ್ ಕೂಡಿಸಿದಾಗ ರಣಜಿ ಕಪ್ಪು ಕೈಗೆ ಬಂದೇಬಿಟ್ಟಿತು ಎಂದು ಅಕ್ಕಪಕ್ಕದವರೆಲ್ಲ ಎದ್ದು ನಿಂತಿದ್ದೆವು. ಆಮೇಲೆ ಮುಂಬೈಯ ಅಜಿತ್ ಅಗರ್ಕರ್ ಐದು ವಿಕೆಟ್ ಕಿತ್ತರು. 331ಕ್ಕೆ ಎಲ್ಲ ಮುಗಿಯಿತು. ಅಂದು ಸಂಕ್ರಾಂತಿ. ನನ್ನ ಪಕ್ಕದಲ್ಲಿ ಮೈಸೂರಿನ ಹಿರಿಯರೊಬ್ಬರು ಕೂತಿದ್ದರು. ಮಾತಿಲ್ಲದೆ ಬಹಳ ಹೊತ್ತು ಮೈದಾನವನ್ನೇ ನೋಡಿದರು. ಕೊನೆಗೆ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ನನ್ನ ಅಂಗೈಗೆ ಎಳ್ಳುಬೆಲ್ಲ ಸುರಿದರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎನ್ನುವ ಹಬ್ಬದ ಮಾತನ್ನು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಕೊಬ್ಬರಿಯ ಚೂರುಗಳನ್ನು ಅಗಿಯುತ್ತ ಇಬ್ಬರೂ ಕೂತಿದ್ದೆವು.

ಇನ್ನು ಗಂಗೂಬಾಯಿಯವರ ವಿಷಯ. ಅವರ ಎಳೆಯ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಕೇಳಿದವರಿಗೆ ಗೊತ್ತು, ಆ ದನಿ ತೆಳು, ಏರುಶ್ರುತಿಯದು. ಗಂಟಲಿನ ಚಿಕಿತ್ಸೆಯ ನಂತರ ಅದು ಹೋಯಿತು. ಉಳಿದದ್ದು ನಾವೆಲ್ಲ ಬಲ್ಲ ಆ ಭಾರವಾದ, ಗಂಡುದನಿಯೋ ಎನಿಸುವ ಗಂಭೀರ ಕಂಠ. ಹಾಡುವವರಿಗೆ ದನಿ ಹೋಗುವುದೆಂದರೆ ಒಂದು ತಂಡಕ್ಕೆ ಹನ್ನೊಂದೂ ಆಟಗಾರರು ಒಂದೇ ದಿನ ಹೋದ ಹಾಗೆ. ಅವರು ಹಳೆಯ ದನಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಇದ್ದ ದನಿಗೆ ಏನು ಒಪ್ಪುತ್ತದೆ, ಎಷ್ಟು ನಿಧಾನ ಒಪ್ಪುತ್ತದೆ ಎಂದು ನೋಡಿ ಅದರ ಮೇಲೆಯೇ ಗಾಯನವನ್ನು ಮತ್ತೆ ಕಟ್ಟಿದರು. ಜಿಪುಣ ದುಡ್ಡು ಖರ್ಚು ಮಾಡುವ ಹಾಗೆ ಸ್ವರಗಳನ್ನು ಬಳಸಬೇಕು ಎನ್ನುತ್ತಿದ್ದರು ಅವರು. ಅವರ ವಿಲಂಬಿತವನ್ನು, ಆ ನಿಧಾನಗತಿಯ ಗಾಯನವನ್ನು ಕೇಳುವಾಗ, ಮುಂದಿನ ಸ್ವರ ಬರುವ ತನಕ ನಾನು ಉಸಿರು ಹಿಡಿಯುತ್ತೇನೆ. ದ್ರಾವಿಡ್ ಅವರು ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುವಾಗಲೂ ಹೀಗೆಯೇ ಉಸಿರು ಹಿಡಿಯುತ್ತಿದ್ದೆ.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೆಚ್ಚೆಂದರೆ 20 ಕಿಲೋಮೀಟರ್. ಗುರು ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಆ ದಾರಿಯನ್ನು ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅದೇ ಗುರುವನ್ನು ಹುಡುಕಲು ಭೀಮಸೇನರಿಗೆ ಅರ್ಧ ಭಾರತ ಸುತ್ತಬೇಕಾಯಿತು. ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಹುಡುಗ 11ನೇ ವಯಸ್ಸಿನಲ್ಲಿ ಮನೆ ಬಿಟ್ಟು ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಅಲೆದ. ಜಲಂಧರಿನಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೆ ಹೋಗು ಎಂದು ಹಿಂದಕ್ಕೆ ಕಳಿಸಿದರು. ಗುರು 1952ರಲ್ಲಿ ತೀರಿಕೊಂಡ ಮೇಲೆ ಭೀಮಸೇನರು ಮಾಡಿದ್ದನ್ನು ನೋಡಿ: ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನಲ್ಲಿ ಉತ್ಸವ ಆರಂಭಿಸಿದರು. ಅದು ಬರೀ ಸ್ಮರಣೆಯಾಗಿ ಉಳಿಯಲಿಲ್ಲ. ಹೊಸಬರಿಗೆ ಹಾಡಲು ವೇದಿಕೆಯಾಯಿತು. ಗುರು ಹೋದರು ಎಂದು ಅವರು ತಂಬೂರಿಯನ್ನು ಗವಸಿಗೆ ಹಾಕಿ ಇಡಲಿಲ್ಲ.

ಗದಗಿನ ಇನ್ನೊಬ್ಬ ಜೋಶಿಯನ್ನು ಬಿಟ್ಟು ಈ ಮಾತು ಮುಂದೆ ಹೋಗುವುದಿಲ್ಲ. ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಶಾಲಾ ದಿನಗಳಲ್ಲಿ ಬೆಳಿಗ್ಗೆ ಗದಗಿನಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಹಿಂದಿರುಗುತ್ತಿದ್ದರು. ಈ ಭಾಗದಲ್ಲಿ ಕ್ರಿಕೆಟ್ ಆಡಿದ ಪ್ರತಿಯೊಬ್ಬ ಹುಡುಗನಿಗೂ ಮನೆಯವರು ಈ ಕಥೆಯನ್ನು ಹೇಳಿ ಎಬ್ಬಿಸಿದ್ದಾರೆ, ನನ್ನನ್ನೂ ಎಬ್ಬಿಸಿದ್ದಾರೆ. 1995-96ರ ರಣಜಿ ಋತುವಿನಲ್ಲಿ ಅವರು 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು, ಕರ್ನಾಟಕ ಕಪ್ಪು ಗೆದ್ದಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರುಗಳಲ್ಲಿ ಆರು ರನ್ ಕೊಟ್ಟು ಐದು ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ.

ನನಗೆ ಮುಖ್ಯವಾದದ್ದು ಅವರ ಹಿಂದಿನ ಸಾಲು. ಬಿ. ವಿಜಯಕೃಷ್ಣ, ರಘುರಾಮ್ ಭಟ್, ಸುನಿಲ್ ಜೋಶಿ. ಒಬ್ಬರ ಹಿಂದೆ ಒಬ್ಬರು, ಮೂವರೂ ಎಡಗೈ ಸ್ಪಿನ್ನರುಗಳು. ಗಂಗೂಬಾಯಿ, ಭೀಮಸೇನರ ಗುರುಪರಂಪರೆಯಾದ ಕಿರಾಣಾ ಘರಾಣೆ ಇದ್ದ ಹಾಗೆ ಇದು ಚಿನ್ನಸ್ವಾಮಿ ಅಂಗಳದ ಘರಾಣೆ ಎಂದೇ ನಾನು ತಿಳಿದಿದ್ದೇನೆ. ವಿಜಯಕೃಷ್ಣ ಅವರು ಇನ್ನೊಬ್ಬ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿಯವರ ಕಾಲದಲ್ಲಿ ಆಡಿದರು, ಹಾಗಾಗಿ ಭಾರತ ತಂಡದ ಟೋಪಿ ಸಿಗಲಿಲ್ಲ. ಅದೊಂದು ಕಾರಣಕ್ಕೆ 2021ರ ಜೂನ್‌ನಲ್ಲಿ ಅವರು ತೀರಿಕೊಂಡಾಗ ಸುದ್ದಿ ಎಷ್ಟೋ ಮನೆ ತಲುಪಲಿಲ್ಲ. ರಘುರಾಮ್ ಭಟ್ ಅವರ ಚೆಂಡು ತಿರುಗುತ್ತಿದ್ದ ರೀತಿಗೆ 1981-82ರ ಸೆಮಿಫೈನಲ್‌ನಲ್ಲಿ ಸುನಿಲ್ ಗಾವಸ್ಕರ್ ಎಡಗೈಯಲ್ಲಿ ಬ್ಯಾಟ್ ಹಿಡಿದು ಆಡಬೇಕಾಯಿತು. ಜೋಶಿಯವರ ನಂತರ ಅಷ್ಟು ಕಾಲ ನಿಂತ ಎಡಗೈ ಸ್ಪಿನ್ನರ್ ನಮಗೆ ಸಿಕ್ಕಿಲ್ಲ. ಈ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ. ಘರಾಣೆಗಳು ಬತ್ತುವುದೂ ಉಂಟು.

ಡೇವಿಡ್ ಜಾನ್ಸನ್ ಅವರನ್ನೂ ಇಲ್ಲಿ ನೆನೆಯಬೇಕು. ಅರಸೀಕೆರೆಯಲ್ಲಿ ಹುಟ್ಟಿದ ಆ ವೇಗಿ ಆಡಿದ್ದು ಎರಡೇ ಟೆಸ್ಟ್. ಎರಡನೆಯದು 1996ರ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ. ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್, ಜಾನ್ಸನ್. ಭಾರತದ ಹನ್ನೊಂದರಲ್ಲಿ ಐವರು ನಮ್ಮವರು. 2024ರ ಜೂನ್ 20ರಂದು ಅವರು ಹೋದರೆಂದು ತಿಳಿದಾಗ ನಾನು ಬಸ್ಸಿನಲ್ಲಿದ್ದೆ, ಪಕ್ಕದವರಿಗೆ ಹೇಳಿದೆ. ಯಾರು ಎಂದು ಕೇಳಿದರು. ಇಳಿಯುವ ತನಕ ಅವರಿಗೆ ಜಾನ್ಸನ್ ಅವರ ಕಥೆ ಹೇಳಿದೆ. ಅಭಿಮಾನಿಯಾದವನು ಅಷ್ಟನ್ನಾದರೂ ಮಾಡಬೇಕು.

ಮತ್ತೆ ಕಟ್ಟುವ ಮಾತಿಗೆ ಬರುತ್ತೇನೆ. 1998-99ರ ನಂತರ ಕರ್ನಾಟಕಕ್ಕೆ ರಣಜಿ ಕಪ್ಪು ಸಿಕ್ಕಿದ್ದು 2013-14ರಲ್ಲಿ. ನಡುವಿನ ವರ್ಷಗಳಲ್ಲಿ ಮುಂದಿನ ದ್ರಾವಿಡ್ ಯಾರು, ಮುಂದಿನ ಕುಂಬ್ಳೆ ಯಾರು ಎಂಬ ಹುಡುಕಾಟವೇ ಮಾತಾಗಿತ್ತು. ಅವರಲ್ಲಿ ಯಾರೂ ಎರಡನೆಯ ಬಾರಿ ಹುಟ್ಟಿ ಬರಲಿಲ್ಲ. ಕಪ್ಪು ತಂದವರು ಯಾರು ಗೊತ್ತೆ? ಮೈಸೂರಿನಲ್ಲಿ ಆರು ರನ್ನಿನಿಂದ ಸೋತು ತಲೆತಗ್ಗಿಸಿ ನಡೆದಿದ್ದವರೇ ಬಹುಪಾಲು. ವಿನಯ್ ಕುಮಾರ್ ನಾಯಕರಾದರು. ಉತ್ತಪ್ಪ, ಪಾಂಡೆ, ಮಿಥುನ್ ಇದ್ದರು. ಮೈಸೂರಿನಲ್ಲಿ 75ಕ್ಕೆ ನಿಂತಿದ್ದ ಗಣೇಶ್ ಸತೀಶ್ ಹೈದರಾಬಾದಿನ ಫೈನಲ್‌ನಲ್ಲಿ ಮಹಾರಾಷ್ಟ್ರದ ಎದುರು 117 ಹೊಡೆದರು. ಅವರ ಜೊತೆಗೆ ಹೊಸಬರಾಗಿ ಕೆ. ಎಲ್. ರಾಹುಲ್ ಮತ್ತು ಕರುಣ್ ನಾಯರ್ ಸೇರಿಕೊಂಡರು. ರಾಹುಲ್ ಆ ಋತುವಿನಲ್ಲಿ ಸಾವಿರ ರನ್ ದಾಟಿದರು. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡನ್ನು 134ಕ್ಕೆ ಉರುಳಿಸಿ ನಾವು 762 ಹೊಡೆದೆವು. ಕರುಣ್ 328. ವಿನಯ್ ಐದು ವಿಕೆಟ್ ಕಿತ್ತು, ಬ್ಯಾಟಿನಲ್ಲಿ ಔಟಾಗದೆ 105. ಆ ಎರಡು ವರ್ಷವೂ ರಣಜಿ, ಇರಾನಿ, ಏಕದಿನ ಪಂದ್ಯಗಳ ವಿಜಯ್ ಹಜಾರೆ, ದೇಶೀಯ ಕ್ರಿಕೆಟ್ಟಿನ ಈ ಮೂರೂ ಕಪ್ಪು ನಮ್ಮಲ್ಲಿದ್ದವು.

ಸೋಲನ್ನು ತಿಂದವರನ್ನು ಕಿತ್ತು ಹಾಕದೆ ಉಳಿಸಿಕೊಂಡದ್ದಕ್ಕೆ ಅದು ಸಾಧ್ಯವಾಯಿತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆಮೇಲೆ ನಾವು ಅದನ್ನೇ ಮರೆತೆವು. ಸತೀಶ್ ವಿದರ್ಭಕ್ಕೆ ಹೋದರು. 2017ರ ಡಿಸೆಂಬರ್‌ನಲ್ಲಿ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ನಮ್ಮನ್ನು ಐದು ರನ್ನಿನಿಂದ ಸೋಲಿಸಿದ ವಿದರ್ಭ ತಂಡದಲ್ಲಿ ಅವರಿದ್ದರು. 328 ಹೊಡೆದ ಕರುಣ್ ಅವರಿಗೂ ಒಂದು ದಿನ ತಂಡದಲ್ಲಿ ಜಾಗವಿಲ್ಲದಾಯಿತು, ಅವರೂ ವಿದರ್ಭಕ್ಕೇ ಹೋದರು. ಅದು ತಪ್ಪು ನಿರ್ಧಾರ. ಎಷ್ಟು ಸಲ ಯೋಚಿಸಿದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. 2025ರ ಜನವರಿಯಲ್ಲಿ ವಡೋದರದ ವಿಜಯ್ ಹಜಾರೆ ಫೈನಲ್‌ನಲ್ಲಿ ಅವರು ನಮ್ಮ ಎದುರು ನಿಂತಿದ್ದರು, ಆ ಟೂರ್ನಿಯಲ್ಲಿ ಐದು ಶತಕ ಹೊಡೆದು ಬಂದಿದ್ದರು. ನಮ್ಮ ವೇಗಿ ಪ್ರಸಿದ್ಧ ಕೃಷ್ಣ ಕರುಣ್ ಅವರನ್ನು 27ಕ್ಕೆ ಬೌಲ್ಡ್ ಮಾಡಿದಾಗ ಮನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಮೇಲೇಳಲಿಲ್ಲ. ಕಪ್ಪು ನಮಗೇ ಬಂತು, ಸಂತೋಷವೂ ಆಯಿತು. ಆದರೂ ಆ ರಾತ್ರಿ ಊಟ ರುಚಿಸಲಿಲ್ಲ.

ಅದೇ ಫೈನಲ್‌ನಲ್ಲಿ ಶತಕ ಹೊಡೆದವರು ಆರ್. ಸ್ಮರಣ್. ಒಂದೇ ವಾರದ ಬಳಿಕ ಪಂಜಾಬ್ ಎದುರಿನ ರಣಜಿ ಪಂದ್ಯ ನೋಡಲು ಬೆಂಗಳೂರಿಗೆ ಹೋದೆ. ಪಂಜಾಬ್ 55ಕ್ಕೆ ಆಲೌಟಾಗಿತ್ತು. ಎಡಗೈಯ ಈ ಹುಡುಗ ಇಡೀ ಮೈದಾನ ತನ್ನದೇ ಎಂಬಂತೆ ನಿಂತು 203 ಹೊಡೆದ. ಅವನು ಕವರ್ಸ್ ಕಡೆಗೆ ಚೆಂಡನ್ನು ತಳ್ಳಿದಾಗ ಬ್ಯಾಟಿನ ಸದ್ದು ಖಾಲಿ ಗ್ಯಾಲರಿಗೆ ಬಡಿದು ಮರಳಿ ಬರುತ್ತಿತ್ತು. ನನ್ನ ಸಾಲಿನಲ್ಲಿದ್ದ ನಾಲ್ಕು ಮಂದಿಯಲ್ಲಿ ಒಬ್ಬರು, 1974ರಲ್ಲಿ ಇದೇ ಅಂಗಳದಲ್ಲಿ ಮುಂಬೈ ಎದುರು ವಿಶ್ವನಾಥ್ 162 ಹೊಡೆದದ್ದನ್ನು ಕಣ್ಣಾರೆ ಕಂಡವರು. ಮುಂಬೈಯ ಸತತ 15 ವರ್ಷಗಳ ಪಟ್ಟವನ್ನು ಮುರಿದ ಸೆಮಿಫೈನಲ್ ಅದು. ಅವರು ವಿಶ್ವನಾಥರ ಜೊತೆ ಸ್ಮರಣ್‌ನನ್ನು ಹೋಲಿಸಲಿಲ್ಲ. ‘ಕಾಲು ಚೆನ್ನಾಗಿ ಇಡುತ್ತಾನೆ’ ಎಂದರು ಅಷ್ಟೆ, ಮತ್ತೆ ಆಟದ ಕಡೆ ತಿರುಗಿದರು. ಕುಂದಗೋಳದಲ್ಲಿ ಹೊಸಬರು ಹಾಡುವಾಗ ಮುಂದಿನ ಸಾಲಿನ ಹಿರಿಯರು ತಲೆದೂಗುವುದು ಇದೇ ರೀತಿ.

ನಾನು ಹೋಗುವುದು ಇದಕ್ಕೆ. 1974ರಲ್ಲಿ ಆ ಹಿರಿಯರ ಪಕ್ಕ ಕೂತವರಿಗೆ ಅಂದು ನೋಡುತ್ತಿರುವುದು ಏನೆಂದು ಪೂರ್ತಿ ತಿಳಿದಿರಲಾರದು. ಹುಬ್ಬಳ್ಳಿ ರೈಲಿನಲ್ಲಿ ಗಂಗೂಬಾಯಿಯ ಎದುರು ಕೂತು ಕುಂದಗೋಳಕ್ಕೆ ಹೋದ ಪ್ರಯಾಣಿಕರಿಗೂ ತಿಳಿದಿರಲಾರದು. ದೊಡ್ಡವರು ದೊಡ್ಡವರಾಗುವ ಮುಂಚೆ ಅವರನ್ನು ನೋಡಲು, ಆ ಹೊತ್ತಿನಲ್ಲಿ ಯಾರಾದರೂ ಒಬ್ಬರು ಅಲ್ಲಿ ಕೂತಿರಲು ಹೋಗುತ್ತೇನೆ. 2024ರ ಜನವರಿಯಲ್ಲಿ ರಾಜನಗರದಲ್ಲಿ ಕೌಶಿಕ್ 41 ರನ್ನಿಗೆ ಏಳು ವಿಕೆಟ್ ಕಿತ್ತಾಗ, ದೇವದತ್ತ ಪಡಿಕ್ಕಲ್ 193 ಹೊಡೆದಾಗ, ನನ್ನ ಅಕ್ಕಪಕ್ಕದ ಎಷ್ಟೋ ಕುರ್ಚಿಗಳು ಖಾಲಿ ಇದ್ದವು.

ಪ್ರಶ್ನೆ ಕೇಳುವವರಿಗೆ ಈಗ ನಾನು ಹೇಳುವುದಿಷ್ಟು: ಮುಂದಿನ ಪಂದ್ಯ ಹುಬ್ಬಳ್ಳಿಗೆ ಬಂದಾಗ ಒಂದು ದಿನ ಬಿಡುವು ಮಾಡಿಕೊಳ್ಳಿ, ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಗಿರಮಿಟ್ಟು, ಮಿರ್ಚಿ ನನ್ನ ಲೆಕ್ಕ.